ಏಳನೆಯ ಸ್ಥಾನದ ನಂತರ

ಹಂಗೇರಿಯ ಟೆನಿಸ್ ಆಟಗಾರ್ತಿ ಆಂಡ್ರಿಯಾ ತೆಮೆಶ್ವಾರಿಯವರ ಹೆಸರು ಇಂದು ಹಲವರಿಗೆ ನೆನಪಿರಲಾರದು. 1966ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಅವರು 1983ರಲ್ಲಿ, ಹದಿನೇಳರ ಹರೆಯದಲ್ಲಿ, ಇಟಾಲಿಯನ್ ಓಪನ್ ಗೆದ್ದರು. ಮರುವರ್ಷ ವಿಶ್ವದ ಏಳನೆಯ ಸ್ಥಾನಕ್ಕೇರಿದರು. ಅನಂತರ ಗಾಯಗಳು ಬೆನ್ನುಹತ್ತಿದವು. ಸಿಂಗಲ್ಸ್‌ನಲ್ಲಿ ಆ ಎತ್ತರವನ್ನು ಮತ್ತೆ ಮುಟ್ಟಲಾಗಲಿಲ್ಲ.

ಇಂಥವರನ್ನು ಕುರಿತು ‘ಅರಳುವ ಮುನ್ನವೇ ಬಾಡಿದ ಹೂ’ ಎಂದು ಮರುಗುವುದು ವಾಡಿಕೆ. ನಾನದನ್ನು ಒಪ್ಪಲಾರೆ. 1986ರಲ್ಲಿ ಅವರು ಮಾರ್ಟಿನಾ ನವ್ರಾಟಿಲೋವಾ ಅವರೊಡನೆ ಫ್ರೆಂಚ್ ಓಪನ್ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಫೈನಲ್‌ನಲ್ಲಿ ಸೋತವರು ಸ್ಟೆಫಿ ಗ್ರಾಫ್ ಮತ್ತು ಗೇಬ್ರಿಯೆಲಾ ಸಬಾಟಿನಿ! ನೋವನ್ನು ನುಂಗಿಕೊಂಡು 1990ರ ದಶಕದಲ್ಲೂ ಆಡಿದರು. ಇದು ಬಾಡಿದ ಹೂವಿನ ಕಥೆಯೇ?

ನನಗೂ ಈ ತಪ್ಪಿನಲ್ಲಿ ಪಾಲಿದೆ. ತರಗತಿಗೇ ಮೊದಲಿಗನಾಗಿದ್ದ ಹುಡುಗನೊಬ್ಬ ಕಾಯಿಲೆ ಬಿದ್ದು, ಎಸ್ಸೆಸ್ಸೆಲ್ಸಿಯಲ್ಲಿ ಎರಡನೆಯ ದರ್ಜೆಗೆ ಇಳಿದಿದ್ದ. “ನಿನ್ನ ಮೇಲೆ ಎಷ್ಟು ಆಸೆಯಿಟ್ಟಿದ್ದೆನಪ್ಪಾ” ಎಂದುಬಿಟ್ಟೆ. ಆತ ತಲೆತಗ್ಗಿಸಿ ನಿಂತ. ಅಂಕಪಟ್ಟಿಯನ್ನು ನೋಡಿದ ನಾನು, ಜ್ವರದ ಮೈಯಲ್ಲೇ ಆರೂ ಪರೀಕ್ಷೆಗಳನ್ನು ಬರೆದು ಮುಗಿಸಿದ ಅವನ ಛಲವನ್ನು ಕಾಣಲಿಲ್ಲ.

ಶಿಖರವೇರಿದವರನ್ನು ಹೊಗಳಲು ಎಲ್ಲರೂ ಇದ್ದಾರೆ. ಇಳಿದ ಮೇಲೂ ಆಡುವವರನ್ನು ಗುರುತಿಸಬೇಕಾದವನು ಮೇಷ್ಟ್ರು. ಅಂದು ನಾನು “ಭೇಷ್” ಎನ್ನಬೇಕಿತ್ತು.