ಉಂಡುದರ ಲೆಕ್ಕ

ಅಂಗಡಿಯ ಬಾಕಿಯನ್ನು ದಿನದಿನವೂ ಬರೆದಿಡುವ ಗೃಹಸ್ಥರು ತಾವು ಉಂಡುದರ ಲೆಕ್ಕವನ್ನಿಡುವುದು ವಿರಳ. ಕೀಟೋ ಪಥ್ಯವನ್ನು ಹಿಡಿದವರಿಗಾದರೋ ಈ ಲೆಕ್ಕವೇ ಮೊದಲ ಸಾಧನ. 1921ರಲ್ಲಿ ಅಮೆರಿಕದ ವೈದ್ಯರಾದ ರಸೆಲ್ ವೈಲ್ಡರ್ ಅವರು ಅಪಸ್ಮಾರದ ರೋಗಿಗಳಿಗಾಗಿ ಸೂಚಿಸಿದ ಪಥ್ಯವಿದು. ಪಿಷ್ಟ, ಸಕ್ಕರೆಗಳನ್ನು ತೀರ ಕಡಮೆಮಾಡಿದರೆ ಯಕೃತ್ತು ಕೊಬ್ಬಿನಿಂದ ಕೀಟೋನುಗಳನ್ನು ಮಾಡಿ ದೇಹಕ್ಕೆ ಶಕ್ತಿಯನ್ನೊದಗಿಸುವುದು. ಇಂದು ತೂಕವಿಳಿಸಲೆಂದು ಇದನ್ನು ಹಿಡಿಯುವವರೂ ಉಂಟು. ಇವೆರಡೂ ಕೂಡಿ ದಿನಕ್ಕೆ 20ರಿಂದ 50 ಗ್ರಾಮಿನೊಳಗಿರಬೇಕೆಂಬುದು ಸಾಮಾನ್ಯ ಮಿತಿ.

ಕೆರೂರಿನ ನಮ್ಮ ಊಟವನ್ನು ಇದರೊಡನೆ ಹೋಲಿಸಿ ನೋಡಿರಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಪಿಷ್ಟವು ಸುಮಾರು 70 ಗ್ರಾಂ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೇ 35 ಗ್ರಾಂ ಆಯಿತು. ಎರಡಕ್ಕೆ ಮಿತಿ ಮೀರಿತು. ಪಲ್ಯಕ್ಕೆ ಹಾಕಿದ ಬೆಲ್ಲದ ಚೂರು, ಚಹದ ಸಕ್ಕರೆ, ಬಾಯಾಡಿಸಿದ ಚುರುಮುರಿ ಇವು ರಾತ್ರಿ ನೆನಪಿಗೆ ಬಾರವು. ಆದುದರಿಂದ ಹಿಟ್ಟನ್ನು ನೀರು ಬೆರೆಸುವ ಮುಂಚೆಯೇ ತೂಗಿ, ಉಣ್ಣುವ ಮೊದಲೇ ಬರೆಯತಕ್ಕದ್ದು.

ಒಂದು ಎಚ್ಚರಿಕೆ: ಮಧುಮೇಹಕ್ಕೆ ಇನ್ಸುಲಿನ್ ಇಲ್ಲವೆ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರೊಟ್ಟಿಯನ್ನು ಬಿಟ್ಟರೆ ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆಹಾರದ ವಹಿಯನ್ನು ವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ. ಅದರಲ್ಲಿ ಏನನ್ನೂ ಮುಚ್ಚಿಡಬೇಡಿರಿ. ವಹಿಯಲ್ಲಿ ಬರೆಯದ ತುತ್ತೂ ಒಡಲಿನ ಲೆಕ್ಕಕ್ಕೆ ಸೇರಿಯೇ ಇರುವುದು.