ತಾಯ್ನಾಡಿನಲ್ಲೇ ಪರಕೀಯರು

ಭಾರತೀಯ ಪತ್ರಿಕೆಗಳಲ್ಲಿ ಸೋಮಾಲಿಯಾದ ಹೆಸರು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೂರೇ ಸಂದರ್ಭಗಳಲ್ಲಿ. ಒಂದೋ ಅಲ್ಲಿ ಕ್ಷಾಮ ತಲೆದೋರಿರಬೇಕು, ಇಲ್ಲವೇ ಬಾಂಬ್ ಸ್ಫೋಟಿಸಿರಬೇಕು, ಅದೂ ಇಲ್ಲದಿದ್ದರೆ ಕಡಲ್ಗಳ್ಳರು ಯಾವುದಾದರೂ ಹಡಗನ್ನು ಅಪಹರಿಸಿರಬೇಕು. 2016ರ ಮೇ ತಿಂಗಳಲ್ಲಿ ಕೇರಳದ ಚುನಾವಣಾ ಪ್ರಚಾರದ ವೇಳೆ ಪ್ರಧಾನಿ ನರೇಂದ್ರ ಮೋದಿಯವರು ಆ ರಾಜ್ಯದ ಬುಡಕಟ್ಟು ಜನರ ಶಿಶು ಮರಣವನ್ನು ಸೋಮಾಲಿಯಾದೊಂದಿಗೆ ಹೋಲಿಸಿದಾಗ ಮಲಯಾಳಿಗಳು ಕೆರಳಿದರು. ಆ ಆಕ್ರೋಶ ಸಹಜವಾದುದೇ. ಆದರೆ ಒಂದು ದೇಶದ ಹೆಸರೇ ಬೈಗುಳವಾದಾಗ ಆ ದೇಶದವರಿಗೆ ಏನನ್ನಿಸೀತು ಎಂದು ಆ ಗದ್ದಲದಲ್ಲಿ ಕೇಳಿದವರು ವಿರಳ. ಜಗತ್ತು ಬೈಗುಳವಾಗಿ ಬಳಸುವ ಅದೇ ಹೆಸರನ್ನು ತಮ್ಮ ವಿಳಾಸವಾಗಿ ಮತ್ತೆ ಸ್ವೀಕರಿಸಲು ಹೊರಟ ಯುವಕ ಯುವತಿಯರಿದ್ದಾರೆ. ಯುದ್ಧದ ಕಾಲದಲ್ಲಿ ಹೆತ್ತವರ ಕಂಕುಳಲ್ಲಿ ಗಡಿ ದಾಟಿದ ಅಥವಾ ಪರದೇಶದಲ್ಲೇ ಹುಟ್ಟಿದ ಈ ಪೀಳಿಗೆ ತಾಯ್ನಾಡಿಗೆ ಮರಳಿದಾಗ ಅನುಭವಿಸುವುದೇನು ಎಂಬುದು ಚಿಂತನಾರ್ಹ ವಿಷಯವಾಗಿದೆ.

1991ರ ಜನವರಿಯಲ್ಲಿ ಸಿಯಾದ್ ಬರ್ರೆಯ ಸರ್ವಾಧಿಕಾರ ಕುಸಿದು ಬಿತ್ತು. ಆದರೆ ಅದರ ಜಾಗದಲ್ಲಿ ಒಂದು ಸರಕಾರ ಏಳಲಿಲ್ಲ. ಬುಡಕಟ್ಟುಗಳ ಸಶಸ್ತ್ರ ಗುಂಪುಗಳು ಎದ್ದವು. ಲಕ್ಷಾಂತರ ಮಂದಿ ಕೀನ್ಯಾ, ಇಥಿಯೋಪಿಯಾ, ಯಮನ್‌ಗಳಿಗೂ ಅಲ್ಲಿಂದ ಬ್ರಿಟನ್, ಕೆನಡಾ, ಅಮೆರಿಕ ಮತ್ತು ಸ್ಕ್ಯಾಂಡಿನೇವಿಯಾ ದೇಶಗಳಿಗೂ ಚದುರಿದರು. 2011ರ ಕ್ಷಾಮ ಉಳಿದವರ ಬೆನ್ನನ್ನೂ ಮುರಿಯಿತು. ಆ ಕ್ಷಾಮದಲ್ಲಿ ಸುಮಾರು 2.6 ಲಕ್ಷ ಮಂದಿ ಮೃತಪಟ್ಟರೆಂದೂ ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳೆಂದೂ 2013ರ ಅಧ್ಯಯನ ಅಂದಾಜಿಸಿದೆ. ಅದೇ 2011ರ ಆಗಸ್ಟ್‌ನಲ್ಲಿ ಅಲ್-ಶಬಾಬ್ ಗುಂಪು ರಾಜಧಾನಿ ಮೊಗದಿಶುವಿನಿಂದ ಹಿಂದೆ ಸರಿಯಿತು. 2012ರಲ್ಲಿ ಟರ್ಕಿಶ್ ಏರ್‌ಲೈನ್ಸ್‌ನ ವಿಮಾನಗಳು ಅಲ್ಲಿಗೆ ಹಾರಾಟ ಆರಂಭಿಸಿದವು, ಫೆಡರಲ್ ಸರಕಾರವೂ ರಚನೆಯಾಯಿತು. ಹೀಗೆ ಬಾಗಿಲು ತುಸು ತೆರೆದುಕೊಂಡಾಗ ಮರಳುವವರ ಸಾಲೂ ದೊಡ್ಡದಾಯಿತು.

ಮರಳಿದವರೆಲ್ಲರೂ ಒಂದೇ ಬಗೆಯವರಲ್ಲ. ಲಂಡನ್, ಟೊರೊಂಟೊಗಳಲ್ಲಿ ಪದವಿ ಪಡೆದು, ದೇಶಕ್ಕೆ ಏನಾದರೂ ಮಾಡಬೇಕೆಂಬ ಹಂಬಲದಿಂದ ಬಂದವರು ಒಂದು ಗುಂಪು. ಕೀನ್ಯಾದ ದಾದಾಬ್ ನಿರಾಶ್ರಿತ ಶಿಬಿರದಲ್ಲಿ ಬೆಳೆದು, ಅಲ್ಲಿನ ಅಭದ್ರತೆಗೆ ಬೇಸತ್ತು ಬಸ್ಸು ಹತ್ತಿದವರು ಇನ್ನೊಂದು ಗುಂಪು. ಹೆತ್ತವರಿಂದ ಬಲವಂತವಾಗಿ ಕಳುಹಿಸಲ್ಪಟ್ಟವರು ಮತ್ತು ಪಾಶ್ಚಾತ್ಯ ದೇಶಗಳಿಂದ ಗಡೀಪಾರಾದವರು ಮೂರನೆಯ ಗುಂಪು. ಇವರ ದಾರಿಗಳು ಬೇರೆಯಾದರೂ ವಿಮಾನ ನಿಲ್ದಾಣದ ಹೊರಗೆ ಇವರೆಲ್ಲರನ್ನೂ ಎದುರುಗೊಳ್ಳುವ ಪ್ರಶ್ನೆ ಒಂದೇ: ನೀನು ಯಾರವನು?

ಇದು ಹೆಸರು ಕೇಳುವ ಪ್ರಶ್ನೆಯಲ್ಲ. ಇದು ಬುಡಕಟ್ಟನ್ನು ಕೇಳುವ ಪ್ರಶ್ನೆ. ಸೋಮಾಲಿ ಮಕ್ಕಳಿಗೆ ತಂದೆ, ಅಜ್ಜ, ಮುತ್ತಜ್ಜರ ಹೆಸರುಗಳನ್ನು ತಲೆಮಾರುಗಳವರೆಗೆ ಬಾಯಿಪಾಠ ಮಾಡಿಸುವ ಪದ್ಧತಿಯಿದೆ. ಅದನ್ನು ಅವರು ಅಬ್ತಿರ್ಸಿ ಎನ್ನುತ್ತಾರೆ. ಪರದೇಶದಲ್ಲಿ ಬೆಳೆದ ಯುವಕನಿಗೆ ಅದು ಅಜ್ಜಿ ಹೇಳಿಕೊಟ್ಟ ಪಾಠ. ತಾಯ್ನಾಡಿನಲ್ಲಾದರೋ ಅದೇ ಅವನ ಗುರುತುಚೀಟಿ, ಅದೇ ಅವನ ಶಿಫಾರಸು ಪತ್ರ. ಯಾವ ಬಡಾವಣೆಯಲ್ಲಿ ಮನೆ ಸಿಗುತ್ತದೆ, ಯಾವ ಕಚೇರಿಯಲ್ಲಿ ಅರ್ಜಿ ಮುಂದೆ ಸರಿಯುತ್ತದೆ, ತಪಾಸಣಾ ಠಾಣೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂಬುದನ್ನೆಲ್ಲ ಪದವಿಗಿಂತ ಹೆಚ್ಚಾಗಿ ವಂಶಾವಳಿಯೇ ತೀರ್ಮಾನಿಸುತ್ತದೆ.

ಅವನ ದಿನಚರಿಯನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ಕೆಲಸಕ್ಕೋ ಸಂದರ್ಶನಕ್ಕೋ ಹೊರಡಬೇಕು. ಆಟೋರಿಕ್ಷಾಕ್ಕೆ ಮೊಗದಿಶುವಿನಲ್ಲಿ ಬಜಾಜ್ ಎಂದೇ ಹೆಸರು. ನಮ್ಮ ದೇಶದ ಕಾರ್ಖಾನೆಯ ಹೆಸರು ಅಲ್ಲಿ ನಿತ್ಯಬಳಕೆಯ ಮಾತಾಗಿಬಿಟ್ಟಿದೆ. ಕಾಲೇಜು ಮುಗಿಸಿ ಕೆಲಸ ಸಿಗದ ಅನೇಕ ತರುಣರಿಗೆ ಅದೇ ಅನ್ನದ ದಾರಿ. ದಾರಿಯುದ್ದಕ್ಕೂ ತಪಾಸಣೆ. ಮಂತ್ರಿಯೊಬ್ಬರು ಹಾದುಹೋಗುವುದಿದ್ದರೆ ರಸ್ತೆಯೇ ಬಂದ್. 2019ರ ಎಪ್ರಿಲ್‌ನಲ್ಲಿ ತಪಾಸಣಾ ಠಾಣೆಯೊಂದರ ಬಳಿ ಭದ್ರತಾ ಪಡೆಯವರ ಗುಂಡಿಗೆ ಆಟೋ ಚಾಲಕನೂ ಪ್ರಯಾಣಿಕನೂ ಬಲಿಯಾದಾಗ ನಗರದ ಯುವಕರು ಬೀದಿಗಿಳಿದು ಪ್ರತಿಭಟಿಸಿದ್ದರು.

ಜೇಬಿನಲ್ಲಿ ಸೋಮಾಲಿ ಶಿಲ್ಲಿಂಗ್ ಇಟ್ಟುಕೊಂಡು ಹೆಚ್ಚು ಪ್ರಯೋಜನವಿಲ್ಲ. 1991ರ ಬಳಿಕ ದೇಶದಲ್ಲಿ ಚಲಾವಣೆಗೆ ಬಂದ ನೋಟುಗಳಲ್ಲಿ ಬಹುಪಾಲು ನಕಲಿ. ಚಹಾದಿಂದ ಹಿಡಿದು ಬಾಡಿಗೆಯವರೆಗೆ ಎಲ್ಲವೂ ಮೊಬೈಲ್ ಮೂಲಕ, ಅದೂ ಡಾಲರ್ ಲೆಕ್ಕದಲ್ಲಿ ನಡೆಯುತ್ತದೆ. 16 ವರ್ಷ ದಾಟಿದವರಲ್ಲಿ ಶೇ. 73ರಷ್ಟು ಮಂದಿ ಮೊಬೈಲ್ ಹಣ ಬಳಸುತ್ತಾರೆಂದು ವಿಶ್ವಬ್ಯಾಂಕ್ 2018ರಲ್ಲಿ ಹೇಳಿತ್ತು. ಸರಕಾರವೇ ಇಲ್ಲದಿದ್ದ ಕಾಲದಲ್ಲಿ ಜನರೇ ಕಟ್ಟಿಕೊಂಡ ಈ ವ್ಯವಸ್ಥೆ ಸೋಮಾಲಿಗಳ ಜಾಣ್ಮೆಗೆ ಸಾಕ್ಷಿ. ಆದರೆ ಇನ್ನೊಂದು ಮುಖವೂ ಇದೆ. ವಿದ್ಯುತ್ ಖಾಸಗಿ ಕಂಪೆನಿಗಳ ಕೈಯಲ್ಲಿದ್ದು, ಅದರ ದರ ಜಗತ್ತಿನಲ್ಲೇ ಅತಿ ದುಬಾರಿಯಾದವುಗಳ ಪೈಕಿ ಎಣಿಸಲ್ಪಡುತ್ತದೆ. ಡಾಲರ್‌ನಲ್ಲಿ ಖರ್ಚು ಮಾಡಬೇಕಾದ ನಗರದಲ್ಲಿ ಡಾಲರ್ ಸಂಪಾದಿಸುವ ದಾರಿ ಮಾತ್ರ ಕೆಲವರಿಗಷ್ಟೇ ತೆರೆದಿದೆ. 14ರಿಂದ 29 ವರ್ಷದವರಲ್ಲಿ ಶೇ. 67ರಷ್ಟು ನಿರುದ್ಯೋಗವಿದೆಯೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 2012ರ ವರದಿ ತಿಳಿಸಿತ್ತು. ಬಳಿಕ ದೇಶ ಕೆಲವು ಹೆಜ್ಜೆ ಮುಂದಿಟ್ಟಿದೆ. 2023ರ ಡಿಸೆಂಬರ್‌ನಲ್ಲಿ 450 ಕೋಟಿ ಡಾಲರ್‌ನಷ್ಟು ವಿದೇಶಿ ಸಾಲ ಮನ್ನಾ ಆಯಿತು. ಆದರೆ ಸಾಲಮನ್ನಾದ ಸುದ್ದಿ ಯುವಕನ ಕೈಗೆ ನೇಮಕಾತಿ ಪತ್ರವಾಗಿ ತಲುಪುವುದು ಸುಲಭವಲ್ಲ.

ದಾದಾಬ್‌ನಿಂದ ಬಂದವರ ಪಾಡು ಇನ್ನೂ ಕಠಿಣ. 2013ರ ನವೆಂಬರ್‌ನಲ್ಲಿ ಕೀನ್ಯಾ, ಸೋಮಾಲಿಯಾ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನಡುವೆ ಸ್ವಯಂಪ್ರೇರಿತ ವಾಪಸಾತಿಯ ಒಪ್ಪಂದವಾಯಿತು. ಅದಾಗಿ ಆರು ತಿಂಗಳೂ ಕಳೆಯುವ ಮೊದಲು, 2014ರ ಎಪ್ರಿಲ್‌ನಲ್ಲಿ, ನೈರೋಬಿಯಲ್ಲಿ ಸಾವಿರಾರು ಸೋಮಾಲಿಗಳನ್ನು ಬಂಧಿಸಿ ಕ್ರೀಡಾಂಗಣದಲ್ಲಿ ಕೂಡಿಹಾಕಲಾಯಿತು. 2016ರಲ್ಲಿ ಶಿಬಿರವನ್ನೇ ಮುಚ್ಚುವುದಾಗಿ ಕೀನ್ಯಾ ಘೋಷಿಸಿತು. 2017ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ತಡೆಯಿತಾದರೂ ಭಯ ದೂರವಾಗಲಿಲ್ಲ. ಇಂತಹ ವಾತಾವರಣದಲ್ಲಿ ಕೈಗೊಂಡ ವಾಪಸಾತಿಯನ್ನು ಸ್ವಯಂಪ್ರೇರಿತವೆಂದು ಕರೆಯುವುದು ಎಷ್ಟು ಸರಿ? ಕೆಲವೇ ವರ್ಷಗಳಲ್ಲಿ 80 ಸಾವಿರದಷ್ಟು ಮಂದಿ ಕಿಸ್ಮಾಯೊ, ಬೈದೊವಾ ಮುಂತಾದೆಡೆಗೆ ಮರಳಿದರು. ಅವರ ಮಕ್ಕಳು ಓದಿದ್ದು ಕೀನ್ಯಾದ ಪಠ್ಯಕ್ರಮ, ಕಲಿತದ್ದು ಸ್ವಾಹಿಲಿ ಮತ್ತು ಇಂಗ್ಲಿಷ್. 1972ರಿಂದ ಲ್ಯಾಟಿನ್ ಲಿಪಿಯಲ್ಲಿ ಬರೆಯಲ್ಪಡುತ್ತಿರುವ ತಾಯ್ನುಡಿಯನ್ನು ಸರಾಗವಾಗಿ ಬರೆಯಲು ಅವರಲ್ಲಿ ಹಲವರಿಗೆ ಬಾರದು. ಸ್ವಾಹಿಲಿಯಲ್ಲಿ 'ಸಿಜುಯಿ' ಎಂದರೆ ನನಗೆ ಗೊತ್ತಿಲ್ಲ ಎಂದರ್ಥ. ಕೀನ್ಯಾದಿಂದ ಬಂದವರಿಗೆ ಊರಿನವರು ಇಟ್ಟ ಅಡ್ಡಹೆಸರೂ ಅದೇ. ಕೀನ್ಯಾದಲ್ಲಿ ಅವನನ್ನು ನಿರಾಶ್ರಿತನೆಂದು ದೂರವಿಟ್ಟರು, ತಾಯ್ನಾಡಿನಲ್ಲಿ ಏನೂ ಗೊತ್ತಿಲ್ಲದವನೆಂದು ನಗುತ್ತಾರೆ. ಹಾಗಾದರೆ ಅವನು ಎಲ್ಲಿಯವನು?

ಇಷ್ಟಾದರೂ ದೇಶ ಕಟ್ಟಲು ಬಂದವರು ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಸೋಮಾಲಿಯಾದ ಸುಂದರ ಮುಖವನ್ನು ಜಗತ್ತಿಗೆ ತೋರಿಸಬೇಕೆಂದು ಕೆನಡಾದಿಂದ ಮರಳಿದ ಪತ್ರಕರ್ತೆ ಹೊದಾನ್ ನಲಾಯೆ 2019ರ ಜುಲೈಯಲ್ಲಿ ಕಿಸ್ಮಾಯೊದ ಹೋಟೆಲಿನ ಮೇಲೆ ನಡೆದ ದಾಳಿಯಲ್ಲಿ ಬಲಿಯಾದರು. ಅದೇ ತಿಂಗಳು, ಬ್ರಿಟನ್‌ನಲ್ಲಿ ನೆಲೆಸಿ ಬಳಿಕ ಮರಳಿದ್ದ ಮೊಗದಿಶುವಿನ ಮೇಯರ್ ಅಬ್ದುರ್‍ರಹ್ಮಾನ್ ಉಮರ್ ಉಸ್ಮಾನ್‌ರ ಕಚೇರಿಯಲ್ಲೇ ಬಾಂಬ್ ಸ್ಫೋಟಿಸಿತು, ಕೆಲವು ದಿನಗಳಲ್ಲಿ ಅವರೂ ಕೊನೆಯುಸಿರೆಳೆದರು. 2019ರ ಡಿಸೆಂಬರ್‌ನಲ್ಲಿ ನಗರದ ಹೊರವಲಯದ ತಪಾಸಣಾ ಠಾಣೆಯ ಬಳಿ ಸ್ಫೋಟಗೊಂಡ ಬಾಂಬ್ 80ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಅವರಲ್ಲಿ ಅನೇಕರು ಬನಾದಿರ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. 2017ರ ಅಕ್ಟೋಬರ್‌ನಲ್ಲಿ 587 ಮಂದಿಯನ್ನು ಬಲಿ ಪಡೆದ ಅದೇ ಝೋಬೆ ವೃತ್ತದ ಬಳಿ 2022ರ ಅಕ್ಟೋಬರ್‌ನಲ್ಲಿ ಮತ್ತೆ ಸ್ಫೋಟವಾಗಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಈ ಸಲದ ಗುರಿ ಶಿಕ್ಷಣ ಸಚಿವಾಲಯವಾಗಿತ್ತು. ಇಸ್ಲಾಮಿನ ಹೆಸರು ಹೇಳಿಕೊಂಡು ವಿದ್ಯಾರ್ಥಿಗಳನ್ನೂ ಶಿಕ್ಷಣದ ಕಚೇರಿಯನ್ನೂ ಗುರಿಯಾಗಿಸುವವರಿಗೂ ಆ ಧರ್ಮಕ್ಕೂ ಏನು ಸಂಬಂಧ? ಓದಿಗೆ ಮಹತ್ವ ಕೊಟ್ಟ ಧರ್ಮದ ಅತಿ ದೊಡ್ಡ ಶತ್ರುಗಳು ಇವರೇ ಎಂಬುದನ್ನು ನಾವು ಯಾವ ಅಳುಕೂ ಇಲ್ಲದೆ ಹೇಳಬೇಕಾಗಿದೆ.

ಆದರೆ ಬಾಂಬಿಗಿಂತ ಹಳೆಯ ರೋಗವೊಂದು ಅಲ್ಲಿದೆ. ಅದು ಬುಡಕಟ್ಟಿನ ದುರಭಿಮಾನ. ಸೋಮಾಲಿಗಳಲ್ಲಿ ಬಹುತೇಕರದು ಒಂದೇ ಭಾಷೆ, ಒಂದೇ ಧರ್ಮ, ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ನವಾಯತರಂತೆ ಒಂದೇ ಶಾಫಿಈ ಮದ್‌ಹಬ್. ಐಕ್ಯಕ್ಕೆ ಇಷ್ಟೆಲ್ಲ ಕಾರಣಗಳಿದ್ದೂ ಅಧಿಕಾರವನ್ನು ಹಂಚಿಕೊಂಡದ್ದು ಬುಡಕಟ್ಟಿನ ತಕ್ಕಡಿಯಲ್ಲಿ. 2000ದಲ್ಲಿ ಜಿಬೂತಿಯ ಆರ್ತಾ ಸಮ್ಮೇಳನದಲ್ಲಿ ರೂಪುಗೊಂಡ ನಾಲ್ಕೂವರೆ ಸೂತ್ರದಂತೆ ನಾಲ್ಕು ದೊಡ್ಡ ಬುಡಕಟ್ಟುಗಳಿಗೆ ಒಂದೊಂದು ಪಾಲು, ಉಳಿದ ಅಲ್ಪಸಂಖ್ಯಾತರೆಲ್ಲರಿಗೂ ಸೇರಿ ಅರ್ಧ ಪಾಲು! ಜಗಳ ನಿಲ್ಲಿಸಲು ತಂದ ಈ ತಾತ್ಕಾಲಿಕ ಮದ್ದು ಕಾಯಂ ಕಾಯಿಲೆಯಾಗಿ ಪರಿಣಮಿಸಿತು. ಮನುಷ್ಯನೊಬ್ಬನನ್ನು ಅರ್ಧವೆಂದು ಎಣಿಸುವ ಹಕ್ಕು ಯಾರಿಗಿದೆ? ಗೋತ್ರ, ಬುಡಕಟ್ಟುಗಳಿರುವುದು ಪರಸ್ಪರ ಪರಿಚಯಕ್ಕೇ ಹೊರತು ಮೇಲುಕೀಳಿಗಲ್ಲ ಎಂದು ಕಲಿಸಿದ ಧರ್ಮದ ಅನುಯಾಯಿಗಳ ನಾಡಿನಲ್ಲೇ ಇದು ನಡೆಯುತ್ತಿರುವುದು ದುರಂತ. ಇಥಿಯೋಪಿಯಾ ಮೂಲದ ಬಿಲಾಲ್(ರ)ರನ್ನು ಅದಾನ್ ಕರೆಯಲು ನಿಲ್ಲಿಸಿದ ಪ್ರವಾದಿ(ಸ)ಯವರ ಮಾದರಿ, ಆ ನೆಲದಿಂದ ಕೂಗಳತೆಯ ದೂರದಲ್ಲಿರುವವರಿಗೆ ಬೇರೆಯಾಗಿ ನೆನಪಿಸಬೇಕಾಗಿಲ್ಲ.

ಊರಲ್ಲೇ ಉಳಿದವರ ದೂರನ್ನೂ ನ್ಯಾಯದ ಕಿವಿಯಿಂದ ಕೇಳಬೇಕು. ಹೊರಗಿನಿಂದ ಬಂದವರನ್ನು ಅವರು ಕುರ್ಬಾಜೋಗ್ ಎನ್ನುತ್ತಾರೆ. ಗುಂಡಿನ ಸದ್ದಿನ ನಡುವೆ ಶಾಲೆ, ಆಸ್ಪತ್ರೆ, ಅಂಗಡಿಗಳನ್ನು ಉಳಿಸಿಕೊಂಡವರು ನಾವು. ಈಗ ಶಾಂತಿ ಇಣುಕಿದಾಗ ಇಂಗ್ಲಿಷ್ ಬಲ್ಲವರು ಬಂದು ಕುರ್ಚಿ ಹಿಡಿಯುತ್ತಾರೆ. ಸಂಕಟ ಬಂದರೆ ಅವರಿಗೆ ಇನ್ನೊಂದು ಪಾಸ್‌ಪೋರ್ಟ್ ಇದೆ, ನಮಗೇನಿದೆ? ಈ ಪ್ರಶ್ನೆಯಲ್ಲಿ ಅಸೂಯೆಯಷ್ಟೇ ಸತ್ಯವೂ ಇದೆ. 2019ರಲ್ಲಿ ಅಂದಿನ ಅಧ್ಯಕ್ಷ ಮುಹಮ್ಮದ್ ಅಬ್ದುಲ್ಲಾಹಿ ಫರ್ಮಾಜೊ ತಮ್ಮ ಅಮೆರಿಕನ್ ಪೌರತ್ವ ತ್ಯಜಿಸಬೇಕಾಗಿ ಬಂದುದರ ಹಿಂದೆ ಇದೇ ಭಾವನೆಯ ಒತ್ತಡವಿತ್ತು. ಮರಳಿದ ಯುವಕ ಕಲಿಸಲು ಬಂದವನಂತೆ ವರ್ತಿಸದೆ ಕಲಿಯಲೂ ಸಿದ್ಧನಾದರೆ, ಉಳಿದವರು ಅವನನ್ನು ಅತಿಥಿಯಂತೆ ಅನುಮಾನಿಸದೆ ಮನೆಮಗನಂತೆ ಕಂಡರೆ ಈ ಬಿರುಕು ಮುಚ್ಚೀತು.

ಇನ್ನು ಹೆತ್ತವರ ವಿಷಯ. ಪಾಶ್ಚಾತ್ಯ ನಗರಗಳಲ್ಲಿ ದಾರಿ ತಪ್ಪಿದರೆಂದು ಮಕ್ಕಳನ್ನು ಊರಿಗೆ ಕಳುಹಿಸಿ ಸಂಸ್ಕೃತಿ ಕಲಿಸುವ ಕ್ರಮಕ್ಕೆ ದಖನ್ ಚೆಲಿಸ್ ಎಂಬ ಹೆಸರಿದೆ. ಅಜ್ಜ ಅಜ್ಜಿಯರ ಮಡಿಲಲ್ಲಿ ಭಾಷೆ, ನಮಾಝ್, ಬಂಧುತ್ವಗಳನ್ನು ಕಲಿತು ನೆಮ್ಮದಿ ಕಂಡವರೂ ಇದ್ದಾರೆ. ಆದರೆ ರಜೆಗೆಂದು ನಂಬಿಸಿ ಕರೆತಂದು, ಪಾಸ್‌ಪೋರ್ಟ್ ಕಿತ್ತುಕೊಂಡು, ಸುಧಾರಣಾ ಕೇಂದ್ರವೆಂಬ ಹೆಸರಿನ ಕೋಣೆಗಳಲ್ಲಿ ಸರಪಳಿ ಬಿಗಿದು ಹೊಡೆಯುವ ಪ್ರಕರಣಗಳೂ ವರದಿಯಾಗಿವೆ. ಇದಕ್ಕೆ ಧರ್ಮದ ಮುದ್ರೆ ಒತ್ತುವುದು ಧರ್ಮಕ್ಕೆ ಎಸಗುವ ದ್ರೋಹ. ತಾಯ್ನಾಡನ್ನು ಶಿಕ್ಷೆಯಾಗಿ ಅನುಭವಿಸಿದ ಮಗು ಅದನ್ನು ಹೇಗೆ ತಾನೇ ಪ್ರೀತಿಸೀತು?

ಜಗತ್ತಿನ ದೊಡ್ಡಣ್ಣಂದಿರ ನಡವಳಿಕೆಯನ್ನೂ ಇಲ್ಲಿ ಹೇಳದಿರಲಾಗದು. ಹೊರಗಿರುವ ಸೋಮಾಲಿಗಳು ಮನೆಗೆ ಕಳುಹಿಸುವ ಹಣ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಮಿಗಿಲು. ಲಕ್ಷಾಂತರ ಮನೆಗಳ ಒಲೆ ಉರಿಯುವುದು ಅದರಿಂದ. ಆ ಹಣ ಸಾಗಿಸುತ್ತಿದ್ದ ಅತಿ ದೊಡ್ಡ ಸಂಸ್ಥೆ ಅಲ್-ಬರಕಾತನ್ನು 2001ರ ನವೆಂಬರ್‌ನಲ್ಲಿ ಅಮೆರಿಕ ಭಯೋತ್ಪಾದನೆಯ ಆರೋಪ ಹೊರಿಸಿ ಮುಚ್ಚಿಸಿತು. ಆ ನಂಟನ್ನು ದೃಢಪಡಿಸಲಾಗಲಿಲ್ಲವೆಂದು ಅಮೆರಿಕದ್ದೇ ತನಿಖಾ ಆಯೋಗದ ಸಿಬ್ಬಂದಿ 2004ರಲ್ಲಿ ಬರೆದರು. ಅಷ್ಟರಲ್ಲಿ ಎಷ್ಟೋ ಮನೆಗಳು ಹಸಿದಾಗಿತ್ತು. 2017ರಲ್ಲೂ 2025ರ ಜೂನ್‌ನಲ್ಲೂ ಅಮೆರಿಕ ಹೊರಡಿಸಿದ ಪ್ರಯಾಣ ನಿಷೇಧದ ಪಟ್ಟಿಯಲ್ಲಿ ಸೋಮಾಲಿಯಾ ಇತ್ತು. ಹೋಗು ಎನ್ನುವವರು, ಹೋದವನು ಬದುಕುವ ದಾರಿಗೂ ಅಡ್ಡ ನಿಂತರೆ ಯುವಕನಿಗೆ ಉಳಿಯುವುದು ತಹ್ರೀಬ್ ಮಾತ್ರ. ಅಂದರೆ ದಲ್ಲಾಳಿಗಳಿಗೆ ಹಣ ತೆತ್ತು ಸಹಾರಾ ದಾಟಿ, ಲಿಬಿಯಾದಿಂದ ದೋಣಿ ಹತ್ತುವ ಮೃತ್ಯು ಪ್ರಯಾಣ. ಕೈಬೀಸಿ ಕರೆಯುವ ಈ ದಾರಿ ಮತ್ತು ಬಂದೂಕು ಕೊಟ್ಟು ಕರೆಯುವ ಗುಂಪುಗಳು, ಇವೆರಡರ ನಡುವೆ ಗೌರವದ ಕೆಲಸವೊಂದು ಸಿಗದಿದ್ದರೆ ದೋಷ ಯುವಕನದು ಮಾತ್ರವೇ?

ಸೋಮಾಲಿಯಾ ನಮಗೆ ದೂರದ ನಾಡಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಸಮೃದ್ಧ ಮೊಗದಿಶುವನ್ನು ಕಂಡು, ಮುಂದಿನ ವರ್ಷಗಳಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳಿಗೂ ಬಂದಿದ್ದ. ಬೆಂಗಳೂರು, ಹೈದರಾಬಾದ್‌ಗಳ ಕಾಲೇಜುಗಳಲ್ಲಿ ಓದಿ ಮರಳಿದ ಸೋಮಾಲಿ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ನಮ್ಮ ಬಾಡಿಗೆ ಮನೆಗಳ ಬಾಗಿಲು ಎಷ್ಟು ಸುಲಭವಾಗಿ ತೆರೆಯುತ್ತದೆ? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಇನ್ನಾರೋ ಮಾಡಿದ ಅಪಘಾತಕ್ಕಾಗಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆದುದು ಈ ನಾಡಿಗೆ ಅಂಟಿದ ಕಳಂಕ. ಇನ್ನು ಗಲ್ಫ್‌ನಿಂದ ಬರಿಗೈಯಲ್ಲಿ ಮರಳುವುದೆಂದರೇನೆಂದು ನಮ್ಮ ಕುಟುಂಬಗಳಿಗೆ ಯಾರೂ ವಿವರಿಸಬೇಕಾಗಿಲ್ಲ. 1990ರ ಕುವೈತ್ ಬಿಕ್ಕಟ್ಟು, 2013ರ ಸೌದಿ ನಿತಾಕತ್, 2020ರ ಕೊರೋನ ಕಾಲ, ಇವೆಲ್ಲವೂ ಅದನ್ನು ಕಲಿಸಿವೆ. ಹಣ ಕಳುಹಿಸುವಾಗ ಹೊಗಳಿದ ಊರೇ ಮರಳಿದ ಮೇಲೆ 'ಯಾವಾಗ ವಾಪಸ್' ಎಂದು ಕೇಳುತ್ತದೆ. ನಮ್ಮವನ ಹಿಂದೆ ಒಂದು ಸರಕಾರ, ಒಂದು ರೇಷನ್ ಕಾರ್ಡ್, ಒಂದು ಮತವಾದರೂ ಇದೆ. ಸೋಮಾಲಿ ಯುವಕನಿಗೆ ಅದೂ ಖಚಿತವಿಲ್ಲ.

ದೇಶವೊಂದು ಎದ್ದು ನಿಂತಿತೆಂಬುದಕ್ಕೆ ಹೊಸ ಕಟ್ಟಡಗಳಾಗಲಿ, ಸಾಲಮನ್ನಾದ ಘೋಷಣೆಯಾಗಲಿ ಪುರಾವೆಯಲ್ಲ. ಬುಡಕಟ್ಟಿನ ಹೆಸರು ಹೇಳದೆಯೇ ಅಲ್ಲಿನ ಯುವಕನಿಗೆ ಕೆಲಸ, ನ್ಯಾಯ ಮತ್ತು ರಕ್ಷಣೆ ಸಿಗಬೇಕು. ಅವನ ವಿದೇಶಿ ಶಾಲೆಯ ಪ್ರಮಾಣಪತ್ರಕ್ಕೆ ಮಾನ್ಯತೆ ಬೇಕು, ತಾಯ್ನುಡಿ ಕಲಿಯಲು ತರಗತಿ ಬೇಕು, ವ್ಯಾಪಾರ ಆರಂಭಿಸಲು ಬಡ್ಡಿರಹಿತ ಸಾಲ ಬೇಕು. ಇವಾವುದೂ ಅಸಾಧ್ಯದ ಬೇಡಿಕೆಗಳಲ್ಲ. ಮೂವತ್ತು ದಾಟದವರೇ ಬಹುಸಂಖ್ಯಾತರಾಗಿರುವ ಆ ದೇಶದ ಆಡಳಿತಗಾರರು, ವಿದ್ವಾಂಸರು ಮತ್ತು ಬುಡಕಟ್ಟಿನ ಹಿರಿಯರು ಇದನ್ನು ಅರಿತು ನಡೆಯಲಿ. ಮರಳಿ ಬಂದವನನ್ನು ಮತ್ತೊಮ್ಮೆ ಹೊರಡಿಸುವ ನಾಡಿನಿಂದ, ಎಂದೂ ಹೊರಹೋಗದೆ ಕಾದವರೂ ಒಂದು ದಿನ ಹೊರಟು ಹೋಗುತ್ತಾರೆ.