ಆಣೆಗೆ ಬಿದ್ದ ಮತ
ಐದೇ ವರ್ಷಗಳಲ್ಲಿ ನಮ್ಮ ಭಾಗ ಹಲವು ಉಪಚುನಾವಣೆಗಳನ್ನು ಕಂಡಿತು: 2019ರಲ್ಲಿ ಹಿರೇಕೆರೂರು, 2021ರಲ್ಲಿ ಹಾನಗಲ್ಲ, 2024ರಲ್ಲಿ ಸವಣೂರನ್ನೂ ಒಳಗೊಂಡ ಶಿಗ್ಗಾಂವಿ. ಚುನಾವಣೆ ಬಂದರೆ ಆಣೆ-ಪ್ರಮಾಣಗಳೂ ಮನೆ ಬಾಗಿಲಿಗೆ ಬರುವುದು ಈ ನಾಡಿನ ಹಳೆಯ ರೋಗ. ನೋಟು ಕೈಗಿಟ್ಟು ಕುರ್‌ಆನ್ ಮುಟ್ಟಿಸಿದರೆ, ಬಡ ಮತದಾರ ಅಲ್ಲಾಹನಿಗೆ ಹೆದರಿ ತನ್ನ ಆತ್ಮಸಾಕ್ಷಿಯನ್ನೇ ಒಪ್ಪಿಸಿಬಿಡುತ್ತಾನೆ. ಇದು ದೇವಭಯವೇ?

ಖಂಡಿತ ಅಲ್ಲ. ಮಾಡಿದ ಆಣೆಗಿಂತ ಉತ್ತಮವಾದುದು ಕಂಡರೆ ಉತ್ತಮವಾದುದನ್ನೇ ಮಾಡಿ, ಆಣೆಗೆ ಪ್ರಾಯಶ್ಚಿತ್ತ ನೀಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಪ್ರಾಯಶ್ಚಿತ್ತವನ್ನು ಕುರ್‌ಆನಿನ 5ನೆಯ ಅಧ್ಯಾಯದ 89ನೆಯ ಸೂಕ್ತ ವಿವರಿಸಿದೆ: ಹತ್ತು ಮಂದಿ ಬಡವರಿಗೆ ನಮ್ಮ ಮನೆಯವರು ಉಣ್ಣುವಂಥ ಸಾಧಾರಣ ಊಟ, ಅಥವಾ ಉಡುಪು, ಅಥವಾ ಗುಲಾಮನ ವಿಮೋಚನೆ. ಇವು ಸಾಧ್ಯವಾಗದವನಿಗೆ ಮಾತ್ರ ಮೂರು ದಿನಗಳ ಉಪವಾಸ. ಉಳ್ಳವರು ಬಡವರ ಊಟವನ್ನು ಬಿಟ್ಟು ನೇರ ಉಪವಾಸಕ್ಕೆ ಜಿಗಿಯುವುದು ಸಲ್ಲದು.

ಆದರೆ ಈ ಪ್ರಾಯಶ್ಚಿತ್ತ ಆಣೆಗೆ, ಲಂಚಕ್ಕಲ್ಲ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ಹಣ ಹಿಂದಿರುಗಲಿ, ತೌಬಾ ನಡೆಯಲಿ. ಆಣೆ ಮುರಿದ ಬಡವನನ್ನು ಜರೆಯುವ ಹಿರಿಯರು, ಆಣೆ ಮಾಡಿಸಿದವರನ್ನು ಮೊದಲು ಪ್ರಶ್ನಿಸಲಿ. ಮುಂದಿನ ಚುನಾವಣೆಗೆ ಮುನ್ನವೇ ಮಿಂಬರಿನಿಂದ ಈ ಮಾತು ಕೇಳಿಬರಲೆಂದು ನಾವು ಆಗ್ರಹಿಸುತ್ತೇವೆ.